ಮೂರನೇ ಜ್ವರದ ಸಾಲು

ಕವಿಗಳ ಕಾಟ ಏನೆಂದು ತಿಳಿಯಬೇಕಾದರೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತರಾಗಿ, ಕೋಲಾರದಲ್ಲಿ ಮನೆ ಮಾಡಿ ನೋಡಬೇಕು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಅಂತ ಮೂರು ಊರುಗಳಲ್ಲಿ ನಾನು ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಲಘು ಗುರು ಹಾಕಿಸಿದ್ದೇನೆ. ಹಾಕಿದವರೆಲ್ಲ ಅದನ್ನು ಮರೆತಿದ್ದಾರೆ. ಹಾಕಿಸಿದವಳು ನಾನು ಅನ್ನುವುದನ್ನು ಮಾತ್ರ ಒಬ್ಬರೂ ಮರೆತಿಲ್ಲ. ಗೃಹಪ್ರವೇಶದ ಕಾರ್ಡಿಗೆ ನಾಲ್ಕು ಸಾಲು ಬೇಕು, ನನ್ನ ಮನೆಗೆ ಬರುತ್ತಾರೆ. ಹೆಡ್‌ಮಾಸ್ಟರು ನಿವೃತ್ತರಾಗುತ್ತಾರೆ, ಬಿನ್ನವತ್ತಳೆ ಬೇಕು, ಬರುತ್ತಾರೆ. ಯಾರೋ ತೀರಿಕೊಂಡರೆ ಫ್ಲೆಕ್ಸಿನಲ್ಲಿ ಹಾಕಲು ಎರಡು ಸಾಲು ಬೇಕು, ಅದಕ್ಕೂ ಬರುತ್ತಾರೆ. "ಜಾಸ್ತಿ ಏನಿಲ್ಲ ಮೇಡಂ, ಸುಮ್ನೆ ಪ್ರಾಸ ಒಂದು ಸರಿ ಮಾಡ್ಕೊಡಿ." ಪ್ರಾಸ ಅಂದರೆ ಇವರಿಗೆಲ್ಲ ಒಗ್ಗರಣೆ ಇದ್ದ ಹಾಗೆ. ಸಾರು ಏನೇ ಆಗಿರಲಿ, ಕೊನೆಗೆ ಚುರ್ ಅಂದರೆ ಆಯಿತು.

ಇವರ ಮೇಲಿನ ಸಿಟ್ಟನ್ನೆಲ್ಲ ಒಂದು ಕಡೆ ಬರೆದಿಡೋಣ ಅಂತಲೇ ಕೂತದ್ದು. ಬರೆಯುತ್ತ ಹೋದರೆ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ, ಹೇಳಿಯೇ ಬಿಡುತ್ತೇನೆ. ಇಷ್ಟು ಜನ ಇಷ್ಟು ವರ್ಷ ಇಷ್ಟು ಪದ್ಯಗಳನ್ನು ಕೆಡಿಸಿದರು, ಆದರೆ ನಾನು ಕೆಡಿಸಿದ ಹಾಗೆ ಯಾರೂ ಕೆಡಿಸಲಿಲ್ಲ. ಅದೂ ಬೇರೆ ಯಾರದ್ದೋ ಅಲ್ಲ, ನನ್ನ ಸ್ವಂತ ಅಕ್ಕನದು. ಅರವತ್ತೈದು ದಾಟಿದ ಮೇಲೆ ಅವಳು ಬರೆದ ಒಂದೇ ಒಂದು ಪದ್ಯ.

ಶುರುವಾದದ್ದು ಮಹಿಳೆಯರ ಕವಿಗೋಷ್ಠಿಯಿಂದ. ಅದರ ಸಂಚಾಲಕಿ ನನ್ನ ಹಳೆಯ ವಿದ್ಯಾರ್ಥಿನಿ. ಕಾಲೇಜಿನಲ್ಲಿದ್ದಾಗ ಎರಡು ಸಲ ಕನ್ನಡದಲ್ಲಿ ಫೇಲಾಗಿದ್ದಳು, ಈಗ ಕವಯಿತ್ರಿ. ಒಂದು ಗುರುವಾರ ಬೆಳಗ್ಗೆ ಬಂದು ಬಾಗಿಲಲ್ಲೇ ಒಂದು ದಪ್ಪ ಕವರು ಕೈಗಿಟ್ಟಳು.

"ಮಿಸ್, ಗೋಷ್ಠೀಲಿ ಓದೋ ಪದ್ಯಗಳ್ನೆಲ್ಲ ಒಂದು ಪುಸ್ತಕ ಮಾಡ್ತಿದೀವಿ. ನಲವತ್ತು ಪದ್ಯ. ನೀವು ತಿದ್ದಿ ಕೊಟ್ಬಿಡಿ. ಶನಿವಾರ ಪ್ರಿಂಟಿಗೆ ಹೋಗ್ಬೇಕು."

"ಇವತ್ತು ಗುರುವಾರ ಕಣಮ್ಮಾ."

"ನಿಮಗೇನು ಮಿಸ್, ನೀರು ಕುಡಿದಷ್ಟು ಸುಲಭ."

ನೀರು ಕುಡಿಯುವುದೂ ಆಗಲಿಲ್ಲ, ಊಟ ಮಾಡುವುದೂ ಆಗಲಿಲ್ಲ. ಕೆಂಪು ಪೆನ್ನು ಹಿಡಿದು ಕೂತೆ. ಶ್ರೀನಿವಾಸಪುರದ ಒಬ್ಬಾಕೆ ಮಾವಿನ ತೋಪಿನ ಮೇಲೆ ಬರೆದಿದ್ದಳು. ಮೊದಲ ಸಾಲು ಸಂತೋಷವಾಗಿಯೇ ಇತ್ತು, ಮರದ ತುಂಬ ಮಾವು ಅಂತ. ಎರಡನೇ ಸಾಲಿಗೆ ಕಾರಣವೇ ಇಲ್ಲದೆ ಎದೆಯ ತುಂಬ ನೋವು ಬಂತು. ನಾಲ್ಕನೇ ಸಾಲಿಗೆ ಸಾವು. ನನಗೆ ಗಾಬರಿಯಾಗಿ ಫೋನ್ ಮಾಡಿದೆ. "ಯಾರಮ್ಮ ಹೋಗಿದ್ದು ಮನೇಲಿ?" ಅಂದೆ. "ಯಾರೂ ಇಲ್ಲ ಮೇಡಂ, ಎಲ್ರೂ ಚೆನ್ನಾಗಿದಾರೆ. ಅದು ಪ್ರಾಸಕ್ಕೆ," ಅಂದಳು. ಆ ಕವರಿನಲ್ಲಿ ಹಾಗೆ ಪ್ರಾಸಕ್ಕೆ ಸತ್ತವರು ಒಬ್ಬಿಬ್ಬರಲ್ಲ. ನೋವು ಬಂದಲ್ಲೆಲ್ಲ ಹಿಂದೆಯೇ ಸಾವು ಬರುತ್ತಿತ್ತು. ಗಂಡ, ಅತ್ತೆ, ಒಂದು ಕಡೆ ಎಮ್ಮೆ, ಎಲ್ಲರೂ ಸಾಲಿನ ಕೊನೆಗೆ ಬಂದು ಪ್ರಾಣ ಬಿಡುತ್ತಿದ್ದರು.

ನರಸಾಪುರದ ಕಡೆ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳು ತನ್ನ ಶಿಫ್ಟಿನ ಮೇಲೆ ಬರೆದಿದ್ದಳು. ಕಂಪನಿ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುವ ಎರಡು ಸಾಲು ಎಷ್ಟು ಚೆನ್ನಾಗಿತ್ತು. ಅಷ್ಟಕ್ಕೇ ಬಿಡಬಾರದೇ? ಶಿಫ್ಟಿಗೆ ಗಿಫ್ಟು ಬಂತು, ಗಿಫ್ಟಿಗೆ ಲಿಫ್ಟು ಬಂತು. ವಿಚಾರಿಸಿದರೆ ಅವಳು ಕೆಲಸ ಮಾಡುವ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಮುಳಬಾಗಿಲಿನ ಇನ್ನೊಬ್ಬಾಕೆ ಮಾತಾಡುವ ಹಾಗೇ ಬರೆದಿದ್ದಳು, ಹಕಾರ ಎಲ್ಲೂ ಇಲ್ಲ. "ಆಡು ಬಾ ನನ್ನ ಎದೆಯಲಿ" ಅಂತ ಸಾಲು. ಹಾಡು ಬರಬೇಕೋ, ಆಟವಾಡಬೇಕೋ, ಮೇಕೆ ಬರಬೇಕೋ ತಿಳಿಯದೆ ಹದಿನೈದು ನಿಮಿಷ ಅಲ್ಲೇ ಕೂತಿದ್ದೆ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಸಾಕಪ್ಪಾ ಸಾಕು ಅನ್ನುವ ಹಾಗಾಗಿತ್ತು. ಆಗ ಅಕ್ಕ ಬಂದಳು.

ಅಕ್ಕ ಇರುವುದು ಹುತ್ತೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಯಾದಾಗಿನಿಂದ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಮೂರು ಮಕ್ಕಳು. ಮೊದಲನೆಯ ಹೆಣ್ಣು ಮಗು ಆರು ವರ್ಷಕ್ಕೆ ತೀರಿಕೊಂಡಿತು. ಆಮೇಲಿನ ಇಬ್ಬರೂ ಗಂಡು, ದೊಡ್ಡವನು ತೋಟ ನೋಡಿಕೊಳ್ಳುತ್ತಾನೆ, ಚಿಕ್ಕವನು ವೇಮಗಲ್ಲಿನಲ್ಲಿ ಫ್ಯಾಕ್ಟರಿಗೆ ಹೋಗುತ್ತಾನೆ. ಅಕ್ಕನದು ಮಾತು ಕಮ್ಮಿ. ನಮ್ಮ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಜಗತ್ತಿನಲ್ಲಿ ಏನೇ ಆದರೂ ಅಕ್ಕನ ಬಾಯಲ್ಲಿ ಬರುವುದು ಒಂದೇ ತೆಲುಗು ಮಾತು, "ಪೋನೀಲೇ". ಹೋಗಲಿ ಬಿಡು ಅಂತ. ಬೆಳೆ ಕೈಕೊಟ್ಟರೂ ಪೋನೀಲೇ, ಸೊಸೆ ಎದುರು ಮಾತಾಡಿದರೂ ಪೋನೀಲೇ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನನ್ನೂ ಹಿಡಿದುಕೊಳ್ಳದೆ ಎಲ್ಲವನ್ನೂ ಹೋಗಲಿ ಅನ್ನುವವಳು ಬದುಕುವುದಾದರೂ ಹೇಗೆ ಅಂತ ಎಷ್ಟೋ ಸಲ ಬೈದಿದ್ದೇನೆ.

ಅವತ್ತು ಒಂದು ಚೀಲ ಅವರೆಕಾಯಿ ತಂದಿದ್ದಳು. ಕಾಯಿಯ ಮೇಲೆ ನೋಟ್ ಪುಸ್ತಕದ ಹಾಳೆ ಒಂದು ಮಡಿಸಿ ಇಟ್ಟಿತ್ತು.

"ಏನಕ್ಕ ಇದು?"

"ನಿಮ್ ಕವಿಗೋಷ್ಠಿಗೆ. ನಮ್ ಮಹಿಳಾ ಸಂಘದಲ್ಲಿ ಹೇಳಿದ್ರು, ಯಾರ್ ಬೇಕಾದ್ರೂ ಬರೀಬೋದು ಅಂತ. ಬೇಡಾಂದ್ರೆ ಬಿಡು."

ನಾನು ನಕ್ಕುಬಿಟ್ಟೆ. "ಬರೆದ್ರೆ ಸಾಲ್ದು. ಸ್ಟೇಜ್ ಮೇಲೆ ನಿಂತು ಮೈಕಲ್ಲಿ ಓದ್ಬೇಕು, ಗೊತ್ತಾ?"

"ಗೊತ್ತು. ಓದ್ತೀನಿ," ಅಂದಳು.

ಸಂಘದ ಮೀಟಿಂಗಿನಲ್ಲಿ ತನ್ನ ಹೆಸರು ಕೂಗಿದರೆ ಕೈ ಎತ್ತುವುದಕ್ಕೂ ನಾಚುವವಳು ಇವಳು. ಇವಳಿಗೇನಾಗಿದೆ ಅಂತ ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ. ಇನ್ನೂ ಹನ್ನೊಂದು ಪದ್ಯ ಬಾಕಿ ಇದ್ದವು.

ಅವಳು ಹೋದ ಮೇಲೆ ಹಾಳೆ ಬಿಡಿಸಿದೆ. ಪದ್ಯದ ಹೆಸರು "ನಾಲ್ಕು ಜ್ವರ". ರೇಷ್ಮೆ ಸಾಕದವರಿಗೆ ಇದನ್ನು ಹೇಳಬೇಕು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಕಾಯಿಲೆ ಅಲ್ಲ, ಬೆಳೆಯುವ ರೀತಿಯೇ ಹಾಗೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಮುಟ್ಟಬಾರದು. ಪೊರೆ ಬಿಟ್ಟು ಮತ್ತೆ ಅಲ್ಲಾಡತೊಡಗಿದರೆ "ಹುಳ ಎದ್ದವು" ಅನ್ನುತ್ತಾರೆ. ಆಮೇಲೆಯೇ ಸೊಪ್ಪು. ಇದೆಲ್ಲ ನನಗೂ ಗೊತ್ತಿರುವುದೇ, ನಾನೂ ಅಂಥ ಮನೆಯಲ್ಲೇ ಬೆಳೆದವಳು.

ಮೊದಲ ಚರಣ ಹೀಗಿತ್ತು:

ಇರುವೆಯಷ್ಟು ಮರಿಗಳು
ಎಳೆಯ ಸೊಪ್ಪು ತಿಂದವು
ತಲೆಯನೆತ್ತಿ ನಿಂತವು
ಜ್ವರವು ಬಿಟ್ಟು ಎದ್ದವು

ಎರಡನೆಯದು:

ಅಕ್ಕಿಯಷ್ಟು ಆದವು
ಹೆಚ್ಚಿದಷ್ಟು ತಿಂದವು
ಮತ್ತೆ ಸುಮ್ಮನಾದವು
ಜ್ವರವು ಬಿಟ್ಟು ಎದ್ದವು

ನಾನು ಪೆನ್ನು ಕೆಳಗಿಟ್ಟೆ. ಮೂರು ಮೂರು ಮಾತ್ರೆಯ ಗಣಗಳು ಒಂದು ಕಡೆಯೂ ತಪ್ಪಿರಲಿಲ್ಲ. ಎಂ.ಎ. ಓದಿದವರಿಗೆ ತಿಣುಕಿದರೂ ಬಾರದ್ದು, ಸೊಪ್ಪು ಹೆಚ್ಚಿ ಹೆಚ್ಚಿ ಕೈಗೆ ಬಂದಿತ್ತೇನೋ. ಎಲ್ಲಿಯೂ ಪ್ರಾಸಕ್ಕೆ ಯಾರನ್ನೂ ಸಾಯಿಸಿರಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ನನಗೆ ನೆಮ್ಮದಿಯಾಯಿತು. ನಮ್ಮ ಅಕ್ಕ ಅಂತ ಹೆಮ್ಮೆಯೂ ಆಯಿತು. ಆಮೇಲೆ ಮೂರನೇ ಚರಣಕ್ಕೆ ಬಂದೆ.

ಉಗುರಿನಷ್ಟು ಆದವು
ಸೊಪ್ಪು ಬೇಡವೆಂದವು
ಹಣೆಯ ಮುಟ್ಟಿ ನೋಡಿದೆ

ಅಷ್ಟೇ. ನಾಲ್ಕನೇ ಸಾಲು ಇಲ್ಲ. ಕೆಳಗೆ ಖಾಲಿ ಜಾಗ, ಅದಾದ ಮೇಲೆ ನಾಲ್ಕನೇ ಚರಣ ಶುರು.

ಬಂತಲ್ಲ ಹಳೇ ಚಾಳಿ, ಅಂದುಕೊಂಡೆ. ಇವಳು ಚಿಕ್ಕಂದಿನಲ್ಲೂ ಹೀಗೆಯೇ, ಮಗ್ಗಿ ಬರೆಯುವಾಗ ನಡುವೆ ಒಂದು ಸಾಲು ಹಾರಿಸಿ ಹೊಡೆತ ತಿನ್ನುತ್ತಿದ್ದಳು. ಅದೂ ಅಲ್ಲದೆ ಮೂರನೇ ಸಾಲು ನೋಡಿ. ಮೊದಲ ಸಾಲೊಂದು ಬಿಟ್ಟರೆ ಎಲ್ಲವೂ "ವು" ಅಂತ ಮುಗಿಯುತ್ತ ಬಂದು ಇಲ್ಲಿ ಇದ್ದಕ್ಕಿದ್ದಂತೆ "ನೋಡಿದೆ". ಪ್ರಾಸ ಕೆಟ್ಟಿತು. ಹೋಗಲಿ ಅಂದರೆ, ಹುಳುವಿಗೆ ಎಲ್ಲಿಯ ಹಣೆ? ಜ್ವರಕ್ಕೆ ಕೂತ ಹುಳುವನ್ನು ಮುಟ್ಟುವುದುಂಟೇ? ನಲವತ್ತು ವರ್ಷ ಹುಳು ಸಾಕಿದವಳು ಇಷ್ಟು ತಪ್ಪು ಬರೆದರೆ ಜನ ಏನನ್ನುತ್ತಾರೆ? "ಹಣೆಯ" ಅನ್ನುವುದಕ್ಕೆ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಆಮೇಲೆ ಆ ಸಾಲನ್ನೇ ಹೊಡೆದು ಹಾಕಿ "ತಟ್ಟೆ ತುಂಬ ನಿಂತವು" ಅಂತ ಬರೆದೆ. ಕೆಳಗೆ ಬಿಟ್ಟುಹೋದ ಸಾಲು ಸೇರಿಸಿದೆ, "ಜ್ವರವು ಬಿಟ್ಟು ಎದ್ದವು". ಈಗ ನಾಲ್ಕು ಚರಣವೂ ಅಳತೆ ಹಿಡಿದು ಕೊಯ್ದ ಹಾಗೆ ಒಂದೇ ಸಮ ಆಯಿತು. ತೃಪ್ತಿಯಾಗಿ ಕಾಫಿ ಮಾಡಿಕೊಂಡು ಕುಡಿದೆ.

ಶನಿವಾರ ಡಿಟಿಪಿ ಅಂಗಡಿಗೆ ನಾನೇ ಹೋದೆ. ಸಂಚಾಲಕಿಯನ್ನು ನಂಬಿದರೆ ನನ್ನ ತಿದ್ದುಪಡಿಗಳೆಲ್ಲ ಮಣ್ಣುಪಾಲು. ಆ ಅಂಗಡಿಯಾತ ಸಾಯಿಬರು, ನಡು ವಯಸ್ಸು. ಮನೆಯಲ್ಲಿ ದಖ್ಖನಿ ಮಾತಾಡಿದರೂ ಕನ್ನಡ ಟೈಪು ಮಾಡುವುದರಲ್ಲಿ ಊರಿಗೇ ಒಬ್ಬರು. ಒತ್ತಕ್ಷರ ತಪ್ಪಿದರೆ ನನಗಿಂತ ಮುಂಚೆ ಅವರಿಗೆ ಕಾಣುತ್ತದೆ. ಅಕ್ಕನ ಹಾಳೆಗೆ ಬಂದಾಗ ಅವರ ಕೈ ನಿಂತಿತು.

"ಮೇಡಂ, ಇಲ್ಲಿ ಒಂದು ಲೈನು ಅವ್ರು ಖಾಲಿ ಬಿಟ್ಟಿದ್ರು. ನೀವು ತುಂಬ್ಸಿದ್ದೀರಾ."

"ಹೌದು. ಬಿಟ್ಟುಹೋಗಿತ್ತು."

"ಬಿಟ್ಟುಹೋಗಿದ್ದಲ್ಲ ಅನ್ಸುತ್ತೆ ಮೇಡಂ. ಬೇರೆ ಕಡೆ ಒಂದು ಗೆರೆ ಬಿಟ್ಟು ಮುಂದಿಂದು ಬರ್ದಿದಾರೆ. ಇಲ್ಲಿ ಎರಡು ಗೆರೆ ಬಿಟ್ಟಿದಾರೆ. ಜಾಗ ಇಟ್ಟು ಬಿಟ್ಟಿರೋದು ಇದು."

"ಅವಳು ನಮ್ಮಕ್ಕ. ಅವಳ ವಿಷಯ ನನಗೆ ಗೊತ್ತಿಲ್ವಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಲ್ಲ ಮೇಡಂ. ನಮ್ ದಾದಾ, ಅಂದ್ರೆ ತಾತ, ಉರ್ದು ಕವಿಗೋಷ್ಠಿ ಮುಷಾಯಿರಾ ಹುಚ್ಚಿನೋರು, ನನ್ನೂ ಕರ್ಕೊಂಡ್ ಹೋಗೋರು. ನಮ್ಮಲ್ಲಿ ರದೀಫ್ ಅಂತ ಇರುತ್ತೆ. ಪ್ರತಿ ಸಲ ಕೊನೇಲಿ ಅದೇ ಮಾತು ಬರ್ಬೇಕು. ಜನ ಕಾಯ್ತಾ ಇರ್ತಾರೆ, ಅದು ಬಂದ ತಕ್ಷಣ ಎಲ್ರೂ ಒಟ್ಟಿಗೆ ಹೇಳ್ತಾರೆ. ಅಂಥ ಮಾತ್ನ ಯಾರೂ ಸುಮ್ ಸುಮ್ನೆ ಬಿಡಲ್ಲ. ಬಿಟ್ರೆ ಏನೋ ಇರುತ್ತೆ. ಒಂದು ಸಲ ಅವರ್ನ ಕೇಳಿ."

ಎರಡು ದಿನದ ಸಿಟ್ಟನ್ನೆಲ್ಲ ಅವರ ಮೇಲೆ ಸುರಿದೆ. ಷಟ್ಪದಿಗೆ ಆರು ಸಾಲು, ಐದಕ್ಕೆ ನಿಲ್ಲಿಸಿದರೆ ಅದನ್ನು ಷಟ್ಪದಿ ಅನ್ನುತ್ತಾರೆಯೇ? ನಿಯಮ ಅಂದ ಮೇಲೆ ನಿಯಮ. ನಿಮ್ಮ ರದೀಫು ನಿಮ್ಮ ಮುಷಾಯಿರಾದಲ್ಲಿ ಇರಲಿ, ಇದು ಕನ್ನಡ, ಮೂವತ್ತು ವರ್ಷ ಪಾಠ ಹೇಳಿದವಳಿಗೆ ನೀವು ಹೇಳಿಕೊಡಬೇಡಿ. ಇಷ್ಟೂ ಅಂದೆ. ಇವತ್ತು ಆ ಮಾತುಗಳನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಅವರು ಒಂದೂ ಎದುರಾಡದೆ "ಆಯ್ತು ಮೇಡಂ, ನೀವು ಹೇಳಿದಂಗೆ" ಅಂತ ಟೈಪು ಮಾಡಿದರು. ಅಕ್ಕನಿಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಶ್ರೀನಿವಾಸಪುರದ ಆಕೆಗೆ ಮಾಡಿದೆ, ಯಾರು ಸತ್ತರು ಅಂತ ಕೇಳಿದೆ. ಅಕ್ಕನಿಗೆ ಮಾಡಲಿಲ್ಲ.

ಮುಂದಿನ ಭಾನುವಾರ ಗೋಷ್ಠಿ. ಅಕ್ಕ ಹತ್ತು ಗಂಟೆಗೆ ಮುಂಚೆಯೇ ಹುತ್ತೂರಿನ ಕಡೆಯ ಬಸ್ಸಿನಲ್ಲಿ ಬಂದಿಳಿದಳು, ಒಬ್ಬಳೇ. ಮಗನ ಮದುವೆಯಲ್ಲಿ ಉಟ್ಟ ಹಸಿರು ರೇಷ್ಮೆ ಸೀರೆ. ಇಷ್ಟೆಲ್ಲ ರೇಷ್ಮೆ ಬೆಳೆದವಳ ಹತ್ತಿರ ಇರುವುದು ಅದೊಂದೇ. ಭಾವನನ್ನು ಯಾಕೆ ಕರೆತರಲಿಲ್ಲ ಅಂದರೆ, "ಬೇಡ, ಅವರಿಗೆ ಗೊತ್ತು," ಅಂದಳು. ಏನು ಗೊತ್ತು ಅಂತ ನಾನು ಕೇಳಲಿಲ್ಲ. ಹೊಸ ಪುಸ್ತಕದಲ್ಲಿ ಅವಳ ಪುಟ ತೆಗೆದು ಎದುರಿಗೆ ಹಿಡಿದೆ, ಮಕ್ಕಳಿಗೆ ಬಹುಮಾನ ತೋರಿಸುವ ಹಾಗೆ. ಅಕ್ಕ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಬೆರಳು ಮೂರನೇ ಚರಣದ ಮೇಲೆ ನಿಂತಿತು.

"ಇದ್ನ ಯಾರು ಸೇರ್ಸಿದ್ದು?"

"ನಾನೇ. ನೀನು ಬಿಟ್ಬಿಟ್ಟಿದ್ದೆ, ನೋಡ್ಕೊಂಡಿಲ್ಲ."

ಅಕ್ಕ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. "ಪೋನೀಲೇ," ಅಂದಳು.

ಎರಡು ದಿನ ಕಣ್ಣು ಕೆಂಪಗೆ ಮಾಡಿಕೊಂಡು ತಿದ್ದಿದ್ದಕ್ಕೆ ಒಂದು ಒಳ್ಳೆಯ ಮಾತಾದರೂ ಬೇಡವೇ ಅಂತ ನನಗೆ ರೇಗಿತು. ಮುಖ ಆ ಕಡೆ ತಿರುಗಿಸಿ ಕೂತೆ.

ಗೋಷ್ಠಿ ಶುರುವಾಯಿತು. ಮಾವು ನೋವಾಗಿ ಸಾವಾಯಿತು, ಚಪ್ಪಾಳೆ. ಶಿಫ್ಟು ಲಿಫ್ಟಾಯಿತು, ಚಪ್ಪಾಳೆ. ಅಕ್ಕನ ಸರದಿ ಹನ್ನೆರಡೂವರೆಗೆ ಬಂತು. ಪುಸ್ತಕ ಕುರ್ಚಿಯ ಮೇಲೇ ಬಿಟ್ಟು ಹೋಗಿ ಮೈಕಿನ ಮುಂದೆ ನಿಂತಳು. ಕೈಯಲ್ಲಿ ಏನೂ ಇಲ್ಲ. ದನಿ ನಡುಗಲಿಲ್ಲ. ಎರಡನೇ ಚರಣದ ಕೊನೆಗೆ ಬರುವ ಹೊತ್ತಿಗೆ ಹಿಂದೆ ಕೂತಿದ್ದ ಸಂಘದ ಹೆಂಗಸರು ತಾವೂ ಸೇರಿಕೊಂಡು "ಜ್ವರವು ಬಿಟ್ಟು ಎದ್ದವು" ಅಂದರು. ಹುಳು ಸಾಕುವವರು, ಅವರಿಗೆ ಆ ಮಾತು ಗೊತ್ತು. ಸಭೆಯೆಲ್ಲ ಖುಷಿಯಾಯಿತು. ಅಕ್ಕ ಮೂರನೆಯದಕ್ಕೆ ಬಂದಳು.

"ಉಗುರಿನಷ್ಟು ಆದವು. ಸೊಪ್ಪು ಬೇಡವೆಂದವು. ಹಣೆಯ ಮುಟ್ಟಿ ನೋಡಿದೆ."

ತಿದ್ದಿದ್ದನ್ನು ಬಿಟ್ಟು ಹಳೆಯದನ್ನೇ ಓದಿದಳಲ್ಲ ಅಂತ ನನಗೆ ಹಲ್ಲು ಕಡಿಯುವ ಹಾಗಾಯಿತು. ಅಷ್ಟರಲ್ಲಿ ಅಕ್ಕ ನಿಂತಳು. ಸುಮ್ಮನೆ ನಿಂತಳು. ಸಂಘದ ಹೆಂಗಸರು ಹೇಳಲು ಬಾಯಿ ತೆರೆದು, ಅವಳು ಶುರು ಮಾಡದಿರುವುದನ್ನು ನೋಡಿ ಹಾಗೇ ಮುಚ್ಚಿದರು. ಫ್ಯಾನಿನ ಸದ್ದು ಕೇಳುತ್ತಿತ್ತು. ಮರೆತುಬಿಟ್ಟಳು ಪಾಪ, ಅಂತ ಯಾರೋ ಅಂದರು. ಸಂಚಾಲಕಿ ಪುಸ್ತಕ ಹಿಡಿದು ಅರ್ಧ ಎದ್ದಳು. ನನಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷ ಕೊನೆಯ ಬೆಂಚಿನವರೆಗೆ ಮುಟ್ಟಿಸಿದ ದನಿ ನನ್ನದು. ಮುಂದಿನ ಸಾಲಿನಿಂದಲೇ ಕೂಗಿದೆ.

"ಜ್ವರವು ಬಿಟ್ಟು ಎದ್ದವು! ಎದ್ದವು ಅನ್ನಕ್ಕಾ!"

ಅಕ್ಕ ನನ್ನ ಕಡೆ ನೋಡಿದಳು. ಸಿಟ್ಟೇನೂ ಇರಲಿಲ್ಲ. ಮೈಕು ಬಾಯಿಯ ಹತ್ತಿರವೇ ಇತ್ತು.

"ಏಳ್ಲಿಲ್ಲ ಕಣೇ," ಅಂದಳು.

ಸಭೆ ಗೊಳ್ಳೆಂದು ನಕ್ಕಿತು. ಅಕ್ಕತಂಗಿಯರ ತಮಾಷೆ ಅಂದುಕೊಂಡರು. ಅಕ್ಕ ನಗು ನಿಲ್ಲುವವರೆಗೆ ಕಾದು ನಾಲ್ಕನೇ ಚರಣ ಹೇಳಿದಳು, ಮೊದಲಿನ ಹಾಗೇ, ಒಂದು ಮಾತ್ರೆಯೂ ತಪ್ಪದೆ.

ಬೆರಳಿನಷ್ಟು ಆದವು
ಹಗಲು ಇರುಳು ಮೇಯ್ದವು
ನಾಕನೆಯದು ಕಂಡವು
ಜ್ವರವು ಬಿಟ್ಟು ಎದ್ದವು

ಕೈ ಮುಗಿದು ಇಳಿದು ಬಂದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಆ ಮಗು ಹೋದದ್ದು ಜ್ವರದಲ್ಲಿ. ಒಂದೇ ಮಳೆಗಾಲದಲ್ಲಿ ಎರಡು ಸಲ ಜ್ವರ ಬಂದು, ಬಿಟ್ಟು, ಎದ್ದು ಓಡಾಡಿತ್ತು. ಮೂರನೇ ಸಲ ಏಳಲಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಮನೆಯಲ್ಲಿ ಹಿರಿಯರೆಲ್ಲರಿಗೂ ಗೊತ್ತು. ಮೂವತ್ತೈದು ವರ್ಷದಿಂದ ಯಾರೂ ಬಾಯಿ ಬಿಟ್ಟಿಲ್ಲ, ಅಷ್ಟೇ. ಮಗುವಿನ ಹೆಸರನ್ನು ಯಾರೂ ಹೇಳುವುದಿಲ್ಲ. ಅಕ್ಕನಿಗೆ ನೋವಾಗುತ್ತದೆ ಅಂತ ನಾವು, ನಮಗೆ ಕಷ್ಟವಾಗುತ್ತದೆ ಅಂತ ಅವಳು. ಅಕ್ಕ ಅದನ್ನು ಹೇಳಲು ಒಂದು ಜಾಗ ಹುಡುಕಿಕೊಂಡಳು. ಹೇಳಿದ್ದೂ ಹೇಗೆ? ಹೇಳಬೇಕಾದ ಸಾಲನ್ನು ಹೇಳದೆ. ಮೂರು ಸಲ "ಎದ್ದವು" ಅಂದು, ಒಂದು ಸಲ ಅನ್ನದೆ. ಎಲ್ಲ ಸಾಲೂ "ಅವು, ಅವು" ಅಂತ ಹುಳುಗಳ ಮೇಲೆ ಹೋಗುತ್ತಿರುವಾಗ ಒಂದೇ ಒಂದು ಕಡೆ "ನೋಡಿದೆ" ಅಂತ ತಾನು ಬಂದು ನಿಂತಿದ್ದಾಳೆ. ಪ್ರಾಸ ಕೆಟ್ಟಿರುವುದೇ ಅಲ್ಲಿ ತಾಯಿ ಬಂದದ್ದರಿಂದ. ಪ್ರಾಸಕ್ಕೆ ಜನರನ್ನು ಸಾಯಿಸುವವರನ್ನು ನಾನು ಎರಡು ದಿನ ಬೈದೆ. ಪ್ರಾಸಕ್ಕಾಗಿ ಸತ್ತ ಮಗುವನ್ನು ಎಬ್ಬಿಸಿ ಕೂರಿಸಿದವಳು ನಾನೊಬ್ಬಳೇ ಇರಬೇಕು. ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೆ, ಎಲ್ಲಿ ಛಂದಸ್ಸು ಮುರಿಯುತ್ತದೋ ಅಲ್ಲಿ ನಿಂತು ನೋಡಿ, ಕವಿಗೆ ಅಲ್ಲೇನೋ ಕೆಲಸವಿದೆ ಅಂತ. ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕ ಕೊಡುತ್ತಿದ್ದೆ.

ಊಟ ಮುಗಿಸಿ ಅಕ್ಕನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಬಸ್ಸು ಬಂದಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತೆವು. ಸನ್ಮಾನದ ಶಾಲನ್ನು ಅವಳು ಮಡಿಸಿ ಮಡಿಸಿ ಚಿಕ್ಕದು ಮಾಡುತ್ತಿದ್ದಳು. ನಾನು ಪುಸ್ತಕಗಳನ್ನೆಲ್ಲ ವಾಪಸ್ಸು ತೆಗೆದುಕೊಂಡು ಆ ಸಾಲಿನ ಮೇಲೆ ಕಾಗದ ಅಂಟಿಸುತ್ತೇನೆ, ಬೇಕಾದರೆ ಬೇರೆ ಮುದ್ರಿಸುತ್ತೇನೆ, ಅಂತೆಲ್ಲ ಒದರಿದೆ.

"ಅದು ಪೋನೀಲೇ," ಅಂದಳು. "ಸಾಲು ಸೇರ್ಸಿದ್ದೂ ಹೋಗ್ಲಿ. ನಾನ್ ಮರೆತಿದೀನಿ ಅಂದ್ಕೊಂಡು ನೀನು ಸೇರ್ಸಿದೆ. ಹಣೆ ಯಾಕೆ ತೆಗ್ದೆ?"

"ಹುಳಕ್ಕೆ ಹಣೆ ಇರಲ್ವಲ್ಲ ಅಂತ..."

"ಹುಳಕ್ಕಿರಲ್ಲ."

ಎದುರಿಗೆ ಮುಳಬಾಗಿಲು ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದ. ಆ ಬಸ್ಸು ಹೊರಟುಹೋಯಿತು. ಆಮೇಲೆ ಅಕ್ಕನೇ ಶುರು ಮಾಡಿದಳು, ಯಾರಿಗೋ ಹೇಳುವ ಹಾಗೆ.

"ಮುಂಚೆ ಮೊಟ್ಟೆಯಿಂದ ಮನೇಲೇ ಮಾಡ್ತಿದ್ವಿ. ಈಗ ಚಾಕಿ ಸೆಂಟರಿಂದ ಮರಿ ತರ್ತೀವಲ್ಲ, ಎರಡು ಜ್ವರ ಅಲ್ಲೇ ಮುಗ್ಸಿ ಕೊಡ್ತಾರೆ. ನಮ್ಮನೇಲಿ ಮೊದ್ಲು ಬರೋದೇ ಮೂರನೇದು. ವರ್ಷಕ್ಕೆ ಎಷ್ಟು ಬೆಳೆ ತೆಗೀತೀವೋ ಅಷ್ಟು ಸಲ. ಹುಡುಗ ಬಂದು ಅಮ್ಮಾ ಮೂರನೇ ಜ್ವರಕ್ಕೆ ಕೂತಿವೆ ಅಂತಾನೆ, ಎದ್ದವು ಅಂತಾನೆ. ಅವನಿಗೇನ್ ಗೊತ್ತು, ಆವಾಗ ಹುಟ್ಟೇ ಇರ್ಲಿಲ್ಲ. ನಾನು ಹೂಂ ಅಂತೀನಿ."

"ಒಂದು ಸಲನಾದ್ರೂ ನನ್ ಹತ್ರ ಹೇಳ್ಬಾರ್ದಿತ್ತಾ ಅಕ್ಕ?"

"ಹೇಳೋಣ ಅಂತಾನೇ ಬರ್ದಿದ್ದು. ನೀನು ಪದ್ಯ ಓದೋಳಲ್ವಾ. ನಿಂಗೆ ತಿಳಿಯುತ್ತೆ ಅಂತ."

ಇದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ತಾಳಿಕೊಳ್ಳುತ್ತಿದ್ದೆ. ಆ ಪದ್ಯ ಕವಿಗೋಷ್ಠಿಗಲ್ಲ, ಸಂಘದವರಿಗಲ್ಲ, ನನಗೆ ಬರೆದದ್ದು. ನನ್ನ ಮನೆಗೇ ತಂದು, ನನ್ನ ಕೈಗೇ ಕೊಟ್ಟದ್ದು.

ಅವಳ ಬಸ್ಸು ಬಂತು. ಜನ ಇಳಿಯುವವರೆಗೆ ಅಕ್ಕ ಪಕ್ಕಕ್ಕೆ ನಿಂತಳು. ಇದ್ದಕ್ಕಿದ್ದಂತೆ ಕೇಳಿದಳು.

"ಆವಾಗ ನೀನು ನಾಕು ದಿನ ಬಿಟ್ಟು ಬಂದೆ, ಅಲ್ವಾ?"

"ಹೂಂ. ಹಾಸ್ಟೆಲಿಗೆ ಫೋನ್ ಬಂತು. ಪರೀಕ್ಷೆ ಇತ್ತು ಅಕ್ಕ. ಮುಗ್ಸಿಕೊಂಡು ಬಂದೆ."

"ಯಾವ್ದು ಪರೀಕ್ಷೆ?"

ಮೂವತ್ತೈದು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು.

"ಛಂದಸ್ಸು," ಅಂದೆ.

"ಹಂಗಂದ್ರೆ?"

"ಇದೇ. ಪ್ರಾಸ, ಮಾತ್ರೆ. ಸಾಲು ಎಷ್ಟಿರ್ಬೇಕು, ಎಲ್ಲಿ ನಿಲ್ಲಬೇಕು ಅನ್ನೋದು."

ಅಕ್ಕ ಸೀರೆಯ ನಿರಿಗೆ ಎತ್ತಿ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಕುಹಕ ಅವಳಿಗೆ ಗೊತ್ತಿಲ್ಲ, ನಿಜವಾಗಿಯೇ ತಿಳಿದುಕೊಳ್ಳಬೇಕೆಂದು ಕೇಳಿದಳು.

"ಪಾಸಾದ್ಯಾ?"

"ಫಸ್ಟ್ ಕ್ಲಾಸ್ ಬಂತು," ಅಂದೆ.